ವಿಮಾನ ಹಾಯುವಾಗ ಆಡಿದ ಮಾತು

ಹೆಣ್ಣು ನೋಡಲು ಮುಂಬೈಗೆ ಹೊರಟಾಗ ನನಗೆ ಇಪ್ಪತ್ತೆಂಟು. ಬೇಡಕಿಹಾಳದಲ್ಲಿ ನಮ್ಮದು ಒಂದಿಷ್ಟು ಕಬ್ಬಿನ ಹೊಲ, ಆರು ಎಮ್ಮೆ. ಹಿಂಡುವವರು ಯಾರೂ ಇಲ್ಲವೆಂದು ಅಪ್ಪ ಊರಲ್ಲೇ ಉಳಿದ. ಅವ್ವ, ಕಾಕಾ ಮತ್ತು ನಾನು ನಿಪ್ಪಾಣಿಯಲ್ಲಿ ಬಸ್ ಹತ್ತಿದೆವು. ಹುಡುಗಿಯ ತಂದೆ ಮೂಲತಃ ಮುಗಳಖೋಡದವರು, ಮುಂಬೈಯಲ್ಲಿ ಬಹಳ ವರ್ಷಗಳಿಂದ ಹೊಲಿಗೆ ಅಂಗಡಿ ಇಟ್ಟಿದ್ದರು. ಅವರ ಮನೆ ವಿಮಾನ ನಿಲ್ದಾಣದ ಕಂಪೌಂಡಿಗೆ ಅಂಟಿಕೊಂಡಿದೆ ಎಂದು ಮಾತ್ರ ಯಾರೂ ನಮಗೆ ಹೇಳಿರಲಿಲ್ಲ.

ರಿಕ್ಷಾ ಇಳಿದು ಓಣಿ ಹೊಕ್ಕಿದ್ದೇ ತಡ, ತಲೆಯ ಮೇಲೆ ನೆರಳು ಹಾಯಿತು. ಗಾಲಿ ಎಣಿಸುವಷ್ಟು ಕೆಳಗೆ ಒಂದು ವಿಮಾನ! ಅವ್ವ ಸೆರಗು ಎಳೆದುಕೊಂಡು ಗೋಡೆಗೆ ಒತ್ತಿ ನಿಂತಳು. ಕಾಕಾ ಟೊಪ್ಪಿಗೆ ತೆಗೆದು ಕೈಮುಗಿದ. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಮುದುಕಿಯೊಬ್ಬಳು ಕತ್ತು ಸಹ ಎತ್ತಲಿಲ್ಲ.

ಒಳಗೆ ಅವಲಕ್ಕಿ ಬಂತು. ಕಾಕಾ ಮಾತು ತೆಗೆದ. "ಹುಡುಗಿ ಎಷ್ಟ ಕಲಿತಾಳ್ರಿ?"

"ಬಿ.ಎಸ್ಸಿ. ಮುಗಿಸ್ಯಾಳ್ರಿ. ಈಗ ಇಲ್ಲೇ ಒಂದ ಸಾಲಿ..." ಎನ್ನುವಷ್ಟರಲ್ಲಿ ಇನ್ನೊಂದು ವಿಮಾನ. ಹುಡುಗಿಯ ತಂದೆ ಎತ್ತಿದ ಕೈ ಎತ್ತಿದ ಹಾಗೇ, ತೆರೆದ ಬಾಯಿ ತೆರೆದ ಹಾಗೇ ಕೂತರು. ಮನೆಯವರೆಲ್ಲ ಹಾಗೇ ಕೂತರು. ಸದ್ದು ದೂರವಾದ ಮೇಲೆ, "...ಯಾಗ ಗಣಿತ ಕಲಸಾಕತ್ತಾಳ್ರಿ" ಎಂದು ಮುಗಿಸಿದರು.

ಹಾಗೆ ತಡೆದು ಕೂರುವುದು ಕಾಕಾನಿಗೆ ಆಗಲಿಲ್ಲ. ಮುಂದಿನ ವಿಮಾನಕ್ಕೆ ಎದುರಾಗಿ ಗಂಟಲು ಹರಿಯುವ ಹಾಗೆ ಕೂಗುತ್ತಲೇ ಹೋದ. ಅದು ಥಟ್ಟನೆ ಹಾದುಹೋಯಿತು. ಮೌನದಲ್ಲಿ ಅವನ "ಅಡಗಿ ಬರತೈತೇನ್ರಿ?" ಓಣಿಗೆಲ್ಲ ಕೇಳಿತು. ಗೋಡೆಯಾಚೆಯಿಂದ ನೆರೆಮನೆಯಾಕೆ, "ಛಲೋ ಮಾಡ್ತಾಳ್ರಿ!" ಎಂದಳು.

ಆಗಲೇ ಹುಡುಗಿ ಚಹಾ ತಂದಳು. ಕಪ್ಪು ಕೊಡುವಾಗ ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು. ನಾನು ಚಹಾ ಕುಡಿಯುವುದನ್ನೂ ಮರೆತು ಆಕೆಯನ್ನೇ ನೋಡುತ್ತ ಕೂತೆ. ಮತ್ತೆ ಸದ್ದು ತುಂಬಿಕೊಂಡಾಗ, ಯಾರಿಗೂ ಕೇಳಿಸದೆಂಬ ಧೈರ್ಯದಿಂದ ಅವ್ವನ ಕಡೆ ತಿರುಗಿ ಅಂದುಬಿಟ್ಟೆ: "ಅವ್ವಾ, ಲಗ್ನ ಆದ್ರ ಈಕಿನ್ನ ಆಗಾಂವ. ಇಲ್ಲೇ ಇರಬೇಕಂದ್ರ ಎಮ್ಮಿ ಎಲ್ಲಾ ಮಾರಿ ಬರ್ತೀನಿ!"

"ಏನಂದ್ಯೋ?" ಎಂದಳು ಅವ್ವ.

"ಏನಿಲ್ಲ."

ಎದುರಿಗಿದ್ದ ಹುಡುಗಿ ತಟ್ಟೆಯಿಂದ ಮುಖ ಮುಚ್ಚಿಕೊಂಡು ಒಳಗೆ ಓಡಿದಳು.

ಇಬ್ಬರೇ ಮಾತಾಡಲಿ ಎಂದು ಹಿರಿಯರು ನಮ್ಮನ್ನು ತಾರಸಿಗೆ ಕಳಿಸಿದರು. ಆಕೆಯೇ ಶುರು ಮಾಡಿದಳು. "ಎಮ್ಮಿ ಯಾಕ ಮಾರ್ತೀರಿ? ಇರ್ಲಿ ಬಿಡ್ರಿ."

"ನಿಮಗ ಕೇಳಿಸ್ತೇನ್ರಿ?"

"ಕೇಳಲಿಲ್ಲ, ಕಾಣಿಸ್ತು. ಈ ಓಣ್ಯಾಗ ನಾವೆಲ್ಲಾ ಸಣ್ಣವರಿದ್ದಾಗಿಂದ ತುಟಿ ನೋಡೇ ಮಾತು ತಿಳಕೋತೀವಿ." ಆಮೇಲೆ ಗಂಭೀರವಾದಳು. "ಆದ್ರ ನಾ ಕಲಸೂದು ಬಿಡಂಗಿಲ್ಲ. ನಿಮ್ಮ ಕಡೆ ಸಾಲಿ ಅದಾವಿಲ್ಲೋ?"

"ಅದಾವ್ರಿ! ನಿಪ್ಪಾಣ್ಯಾಗ ಅದಾವ, ಚಿಕ್ಕೋಡ್ಯಾಗ ಅದಾವ, ರಾಯಬಾಗ, ಅಥಣಿ, ಕಾಗವಾಡ..." ನನ್ನ ಬಾಯಿ ನಿಲ್ಲಲೊಲ್ಲದು. ಇನ್ನೊಂದು ವಿಮಾನವೇ ಬಂದು ನಿಲ್ಲಿಸಿತು. ಅದರ ಸದ್ದಿನಲ್ಲಿ ಆಕೆ ಏನೋ ಅಂದಳು. ನನಗೆ ಒಂದಕ್ಷರವೂ ತಿಳಿಯಲಿಲ್ಲ.

"ಏನಂದ್ರಿ?"

"ಮುಂದಿನ ವಿಮಾನ ಬರ್ಲಿ. ಸರಿಯಾಗಿ ನೋಡ್ರಿ."

ಯಾವ ಬಸ್ಸಿಗೂ ನಾನು ಅಷ್ಟು ಆಸೆಯಿಂದ ಕಾದಿಲ್ಲ. ಕೊನೆಗೂ ಬಂತು. ಒಣಗಲು ಹಾಕಿದ ಸೀರೆಗಳೆಲ್ಲ ಪಟಪಟ ಹಾರುತ್ತಿದ್ದವು. ನಾನು ಆಕೆಯ ತುಟಿ ಬಿಟ್ಟು ಬೇರೇನೂ ನೋಡಲಿಲ್ಲ. "ನನಗೂ ಪಸಂದ್."

ವಿಮಾನಕ್ಕೆ ಎರಡೂ ಕೈ ಬೀಸುತ್ತ ಕುಣಿದೆ. ಕೆಳಗಿನಿಂದ ಕಾಕಾ, "ಮ್ಯಾಲ ಏನ ನಡಿಸಿಯೋ?" ಎಂದು ಕೂಗಿದ.

ಆ ಬೇಸಿಗೆಯಲ್ಲೇ ಮದುವೆಯಾಯಿತು. ಈಗ ಆಕೆ ನಿಪ್ಪಾಣಿಯ ಶಾಲೆಗೆ ಸ್ಕೂಟಿಯಲ್ಲಿ ಹೋಗಿಬರುತ್ತಾಳೆ. ಅಂದು ಹೆಣ್ಣು ನೋಡಿ ನಾವು ಊರಿಗೆ ಮರಳುವಾಗ ಬಸ್ಸಿನಲ್ಲಿ ಅವ್ವ ಪೇಡೆಯ ಡಬ್ಬಿ ಒಡೆದು ಒಂದೊಂದು ಸೀಟಿಗೂ ಹಂಚಿದಳು. ಕಂಡಕ್ಟರ್ ಎರಡು ಪೇಡೆ ತಿಂದು, "ಮದುವಿಗೆ ನನ್ನೂ ಕರೀರಿ" ಎಂದ. ಕರೆದೆವು. ಹೆಂಡತಿಯನ್ನೂ ಕರೆದುಕೊಂಡು ಬಂದು, ಬ್ಯಾಂಡಿನ ಮುಂದೆ ಎಲ್ಲರಿಗಿಂತ ಹೆಚ್ಚು ಕುಣಿದವನು ಅವನೇ.