ಮಲಕಾಜಪ್ಪ ಸಿಂಗಾಪುರದಲ್ಲಿ ಹುಡುಕಿದ ಛಾವಣಿ

ಮಲಕಾಜಪ್ಪನ ಜೊತೆ ಬೈಲಹೊಂಗಲದಿಂದ ರಾಮದುರ್ಗಕ್ಕೆ ಬಸ್ಸು ಹತ್ತಿದರೆ ರಾಮದುರ್ಗ ಮುಟ್ಟುವ ಭರವಸೆ ಇರುತ್ತಿರಲಿಲ್ಲ. ದಾರಿಯಲ್ಲಿ ಯರಗಟ್ಟಿಯ ಹತ್ತಿರ ಹೊಸದಾಗಿ ಎದ್ದ ನೀರಿನ ಟಾಕಿ ಕಣ್ಣಿಗೆ ಬಿದ್ದರೆ ಸಾಕು, ಕೈಚೀಲ ಹಿಡಿದು ಇಳಿದೇ ಬಿಡುತ್ತಿದ್ದ. ಟಾಕಿಯ ಸುತ್ತ ಮೂರು ಸುತ್ತು ಹಾಕಿ, ಕಂಬದ ದಪ್ಪವನ್ನು ಗೇಣಿನಿಂದ ಅಳೆದು, ಮುಂದಿನ ಬಸ್ಸಿಗೆ ಬರುತ್ತಿದ್ದ. ಎಲ್ಲರೂ ಕೋಟೆ ನೋಡಲೆಂದು ಕಿತ್ತೂರಿಗೆ ಹೋದರೆ ಇವನು ಅಲ್ಲಿನ ಯಾವುದೋ ಸರಕಾರಿ ಕಚೇರಿಯ ಮೆಟ್ಟಿಲು ನೋಡಿ ಬಂದವನು. ರಾಮದುರ್ಗದ ಒಂದು ಟಾಕೀಜಿನಲ್ಲಿ ಬಾಲ್ಕನಿಯು ನಡುವೆ ಕಂಬವಿಲ್ಲದೆ ಮುಂದಕ್ಕೆ ಚಾಚಿದೆ ಎಂದು ಯಾರೋ ಹೇಳಿದ್ದಕ್ಕೆ, ಟಿಕೆಟ್ ತೆಗೆಸಿ ಒಳಗೆ ಹೋಗಿ, ಮೂರು ತಾಸು ಪರದೆಗೆ ಬೆನ್ನು ಹಾಕಿ ಕುಳಿತಿದ್ದ. ಹಿಂದಿನ ಸಾಲಿನವರು ಬೈದರಂತೆ. ಸಿನಿಮಾದಲ್ಲಿ ಯಾರಿದ್ದರು ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ.

ಅವನು ಸಂಪಗಾಂವದ ಗೌಂಡಿ. ಅವನ ಅಪ್ಪ ಕಟ್ಟಿಗೆಯ ತೊಲೆಗಳ ಮೇಲೆ ಮಣ್ಣು ಹೊದಿಸಿ ಮಾಳಿಗೆ ಮನೆ ಕಟ್ಟುತ್ತಿದ್ದ. ಮಗ ಸಿಮೆಂಟಿಗೆ ಬಂದ. ನನ್ನ ಹೆಸರು ಗೌರೀಶ. ಬೈಲಹೊಂಗಲದಲ್ಲಿ ಸಿಮೆಂಟ್ ಅಂಗಡಿ ಇಟ್ಟವನು. ಅವನು ಮೂರನೇ ಇಯತ್ತೆ ಓದಿದವನು, ನಾನು ಪದವೀಧರ. ಹಾಗಾಗಿ ಅವನಿಗೆ ಬುದ್ಧಿ ಹೇಳುವ ಹಕ್ಕು ನನಗಿದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ.

ನಮ್ಮ ಕಡೆಯ ಹಳೆಯ ಮನೆಗಳನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಓಣಿಯಲ್ಲಿ ಮನೆಗಳು ಗೋಡೆಗೆ ಗೋಡೆ ಹಚ್ಚಿಕೊಂಡು ನಿಂತಿರುತ್ತವೆ. ಅಡುಗೆಮನೆ ನಡುವೆ ಬರುತ್ತದೆ. ಎಡಕ್ಕೂ ಬಲಕ್ಕೂ ಬೇರೆಯವರ ಗೋಡೆ, ಹಾಗಾಗಿ ಕಿಟಕಿಗೆ ಜಾಗವಿಲ್ಲ. ಅದಕ್ಕೇ ಮಾಳಿಗೆಯ ಮಣ್ಣಿನಲ್ಲಿ ತಳವಿಲ್ಲದ ಗಡಿಗೆಯೊಂದನ್ನು ಕೂರಿಸಿ ಬೆಳಕಿಂಡಿ ಬಿಡುತ್ತಿದ್ದರು. ಬೆಳಕು ಒಳಗೆ ಬರುತ್ತಿತ್ತು, ಒಲೆಯ ಹೊಗೆ ಹೊರಗೆ ಹೋಗುತ್ತಿತ್ತು. ಮಳೆ ಬಂದರೆ ಯಾರಾದರೂ ಮೇಲೆ ಓಡಿ ಹೋಗಿ ಅದರ ಮೇಲೆ ಚಪ್ಪಟೆ ಫರಸಿಕಲ್ಲು ಮುಚ್ಚಬೇಕು, ಅಷ್ಟೇ.

೧೯೯೪ರಲ್ಲಿ ನಾನು ನಮ್ಮ ಮಾಳಿಗೆ ಕಿತ್ತು ಸ್ಲ್ಯಾಬು ಹಾಕಿಸಿದೆ. ನಮ್ಮ ಓಣಿಗೆ ಅದೇ ಮೊದಲ ಸ್ಲ್ಯಾಬು. ಸ್ಲ್ಯಾಬಿನ ದಿನ ಗೌಂಡಿಗೆ, ಕೂಲಿಯವರಿಗೆ ಗೋದಿ ಹುಗ್ಗಿ ಉಣಿಸುವ ಪದ್ಧತಿ. ಕೆಳಗೆ ನನ್ನ ತಾಯಿ ಸಿದ್ದಲಿಂಗವ್ವ ಅದರ ಸಡಗರದಲ್ಲಿದ್ದಳು. ನಾನು ಮೇಲೆ ಹತ್ತಿ ನೋಡಿದರೆ, ಕಬ್ಬಿಣದ ಸಲಾಕೆ ಕಟ್ಟಿದ ನಡುವೆ, ಅಡುಗೆಮನೆ ಬರುವ ಜಾಗದಲ್ಲಿ, ಮಲಕಾಜಪ್ಪ ಎರಡಡಿಯ ಕಟ್ಟಿಗೆ ಚೌಕಟ್ಟೊಂದನ್ನು ಇಟ್ಟಿದ್ದ.

"ಏನಿದು?" ಅಂದೆ.

"ಬೆಳಕಿಂಡಿ ರೀ ಸಾವಕಾರ್ರ."

"ತಗಿ ಅದನ್ನ. ಸಿಮೆಂಟ್ ಅಂಗಡಿಯಾವನ ಸ್ಲ್ಯಾಬಿಗೆ ತೂತು ಬಿಟ್ರ ಊರ ಮಂದಿ ನಗೂದಿಲ್ಲೇನು? ನಾಳೆ ಸೋರಿದ್ರ ಯಾರ ಬರತಾರ ನನ್ನ ಅಂಗಡಿಗೆ?"

"ಅವ್ವಾರು ಒಳಗ ಕೆಲಸಾ ಮಾಡೋರು. ಕತ್ತಲಾಕ್ಕೈತ್ರಿ."

"ಟ್ಯೂಬಲೈಟ್ ಹಾಕಸ್ತೇನಿ. ಸೋರೂದಿಲ್ಲಂತ ನೀ ಬರದ ಕೊಡತೀ ಏನು?"

ಸ್ಲ್ಯಾಬಿನಲ್ಲಿ ಕಿಂಡಿ ಬಿಟ್ಟು ನೀರು ತಡೆಯುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಈ ಭಾಗದಲ್ಲಿ ಯಾರೂ ಮಾಡಿರಲೂ ಇಲ್ಲ. ಚೌಕಟ್ಟು ಕಿತ್ತು ಪಕ್ಕಕ್ಕಿಟ್ಟ. ಸಂಜೆಗೆ ಸ್ಲ್ಯಾಬು ಮುಗಿಯಿತು. ಎಲ್ಲರೂ ಹುಗ್ಗಿ ಉಂಡರು.

ಹೊಸ ಅಡುಗೆಮನೆಯಲ್ಲಿ ನಡುಮಧ್ಯಾಹ್ನವೂ ದೀಪ ಬೇಕಾಯಿತು. ಆಗ ಕರೆಂಟು ಎನ್ನುವುದು ಬಂದರೆ ಬಂತು, ಹೋದರೆ ಹೋಯಿತು. ನನ್ನ ತಾಯಿ ಒಲೆಯ ಬೆಂಕಿಯ ಬೆಳಕಿನಲ್ಲಿ ರೊಟ್ಟಿ ಬಡಿದಳು, ಬೆರಳು ಸುಟ್ಟುಕೊಂಡಳು, ಜೋಳ ಹಸನು ಮಾಡಲು ಮೊರ ಹಿಡಿದು ಅಂಗಳಕ್ಕೆ ಬಂದಳು. ನಾನು ಎರಡನೇ ಟ್ಯೂಬ್‌ಲೈಟು ತಂದೆ. ಕರೆಂಟಿಲ್ಲದಾಗ ಎರಡೂ ಉರಿಯುತ್ತಿರಲಿಲ್ಲ.

ತಿಂಗಳ ಮೇಲೆ ಮಲಕಾಜಪ್ಪ ಮನೆಗೆ ಬಂದಾಗ ತಾಯಿ ಬಾಗಿಲಲ್ಲೇ ತಡೆದಳು. "ಏನಪಾ ಮಲಕಾಜಪ್ಪಾ, ಹುಗ್ಗಿ ಉಂಡು ಕತ್ತಲಾ ಕೊಟ್ಟು ಹೋದೆಲ್ಲೋ. ನಿಮ್ಮಪ್ಪ ಹಿಂಗ ಮಾಡತಿದ್ನೇನು?"

ಅವನು ನನ್ನ ಮುಖ ನೋಡಿದ. ನಾನು ಓಣಿಯ ಕಡೆ ನೋಡಿದೆ.

"ತಪ್ಪಾತ್ರೀ ಅವ್ವಾರ. ನಂಗ ತಿಳೀಲಿಲ್ಲ," ಅಂದ.

ನಾನಾಗ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಹೆತ್ತ ತಾಯಿಯ ಎದುರು ಸಣ್ಣವನಾಗಲು ನನಗೆ ಮನಸ್ಸಾಗಲಿಲ್ಲ. ಒಂದು ಸಲ ಸುಮ್ಮನಿದ್ದವನಿಗೆ ಎರಡನೇ ಸಲ ಮಾತಾಡುವುದು ಇನ್ನೂ ಕಷ್ಟ. ಹೀಗೆ ಐದು ವರ್ಷ ಹೋಯಿತು. ಎದುರಿಗೆ ಸಿಕ್ಕಾಗಲೆಲ್ಲ ತಾಯಿ ಅವನಿಗೆ ಒಂದು ಮಾತು ಅನ್ನದೆ ಬಿಡುತ್ತಿರಲಿಲ್ಲ. ಅವನು ನಮ್ಮ ಮನೆಯೊಳಗೆ ಬರುವುದನ್ನೇ ಬಿಟ್ಟ. ಕೆಲಸವಿದ್ದರೆ ಅಂಗಡಿಗೆ ಬಂದು ಹೋಗುತ್ತಿದ್ದ. ಅದಕ್ಕಿಂತ ಕೆಟ್ಟದ್ದೆಂದರೆ, ನಮ್ಮ ಸ್ಲ್ಯಾಬು ನೋಡಿ ಓಣಿಯವರೆಲ್ಲ ಹಾಗೆಯೇ ಹಾಕಿಸಿದರು. ಕಿಂಡಿ ಬಿಡೋಣ ಎಂದು ಅವನು ಹೇಳಿದರೆ, "ಗೌರೀಶಪ್ಪನ ಮನ್ಯಾಗ ಐತೇನು?" ಎಂದು ಕೇಳುತ್ತಿದ್ದರು. ಒಂದೊಂದಾಗಿ ಹನ್ನೊಂದು ಕತ್ತಲ ಅಡುಗೆಮನೆಗಳನ್ನು ಅವನ ಕೈಯಿಂದಲೇ ಕಟ್ಟಿಸಿದೆವು.

೧೯೯೯ರಲ್ಲಿ ಸಿಮೆಂಟ್ ಕಂಪನಿಯವರು ಚೆನ್ನಾಗಿ ಮಾರಾಟ ಮಾಡಿದ ಅಂಗಡಿಯವರನ್ನು ಸಿಂಗಾಪುರಕ್ಕೆ ಕರೆದೊಯ್ಯುತ್ತೇವೆಂದರು. ನನಗೆ ಎರಡು ಟಿಕೆಟ್ ಬಂದವು. ನನ್ನ ಹೆಂಡತಿ ಅನ್ನಪೂರ್ಣಾಗೆ ಧಾರವಾಡದ ಬಸ್ಸಿನಲ್ಲೇ ವಾಂತಿಯಾಗುತ್ತದೆ. "ಆ ಗೌಂಡೀನ ಕರಕೊಂಡ ಹೋಗ್ರಿ. ನಿಮ್ಮ ಸಿಮೆಂಟ್ ಮಾರಿದಾಂವ ಅವನ," ಅಂದಳು. ಮಾತು ಖರೆಯಾಗಿತ್ತು, ಅವನು ಕಟ್ಟುವ ಮನೆಗಳಿಗೆಲ್ಲ ಸಿಮೆಂಟು ನನ್ನ ಅಂಗಡಿಯಿಂದಲೇ ಹೋಗುತ್ತಿತ್ತು. ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸರು ಸಂಪಗಾಂವಕ್ಕೆ ಹೋದಾಗ ಅವನ ಹೆಂಡತಿ ಇಂದ್ರವ್ವ ಹೆದರಿ, ಗಂಡನನ್ನು ಹಿತ್ತಲ ಬಣವೆಯ ಹಿಂದೆ ಕೂರಿಸಿ, "ನನ್ನ ಗಂಡ ಅಂಥಾವಲ್ರೀ, ಮತ್ತ ಅಂವ ಊರಾಗೂ ಇಲ್ರೀ," ಎಂದಳಂತೆ. ಅದನ್ನು ಸರಿಪಡಿಸಲು ನಾನು ಮೂರು ಸಲ ಠಾಣೆಗೆ ಅಲೆದೆ.

ಸಿಂಗಾಪುರದಲ್ಲಿ ನಮ್ಮದು ನಾಲ್ಕು ದಿನದ ಕಾರ್ಯಕ್ರಮ. ಮೊದಲ ದಿನ ಬಸ್ಸಿನಲ್ಲಿ ಗೈಡು ಎತ್ತರದ ಕಟ್ಟಡಗಳನ್ನು ತೋರಿಸುತ್ತಿದ್ದಳು. ಎಲ್ಲರೂ ಕತ್ತು ಎತ್ತಿ ನೋಡಿದೆವು. ಮಲಕಾಜಪ್ಪ ಮಾತ್ರ ಇನ್ನೊಂದು ಬದಿಯ ಕಿಟಕಿಗೆ ಹಣೆ ಹಚ್ಚಿ ಕುಳಿತಿದ್ದ.

"ಲೇ, ಈ ಕಡೆ ನೋಡೋ," ಅಂದೆ.

"ಎತ್ತರದ್ದು ಎಲ್ಲಾರೂ ನೋಡತಾರ್ರಿ. ಇವರ ಮಂದಿ ಕಾಯಿಪಲ್ಲೆ ಕೊಳ್ಳೂದು ಎಲ್ಲಿ, ಬಸ್ಸಿಗಿ ನಿಲ್ಲೂದು ಎಲ್ಲಿ, ಅದನ್ನ ನೋಡಬೇಕ್ರಿ," ಅಂದ.

ಎರಡನೇ ದಿನ ಅವನು ನನ್ನನ್ನು ಪಕ್ಷಿಗಳ ಉದ್ಯಾನಕ್ಕೆ ಹೋಗಗೊಡಲಿಲ್ಲ. ಆ ಉದ್ಯಾನ ನೋಡಬೇಕೆಂದು ನಾನು ಊರಲ್ಲೇ ನಿರ್ಧರಿಸಿದ್ದೆ. ಅದರ ಬದಲು ನನ್ನನ್ನು ತಿರುಗಿಸಿದ್ದು ಯಾವ ಗೈಡಿನ ಪಟ್ಟಿಯಲ್ಲೂ ಇಲ್ಲದ ಓಣಿಗಳಲ್ಲಿ. ಒಂದು ಬಸ್ ತಂಗುದಾಣದ ಛಾವಣಿ ಒಂದೇ ಕಂಬದ ಮೇಲೆ ನಿಂತಿತ್ತು. ಅದರ ಕೆಳಗೆ ಅರ್ಧ ತಾಸು. ಕಾರು ನಿಲ್ಲಿಸುವ ಕಟ್ಟಡವೊಂದರ ಸುತ್ತು ಮೆಟ್ಟಿಲನ್ನು ಐದು ಸಲ ಹತ್ತಿ ಇಳಿದ. ಬಡಾವಣೆಯ ಸಣ್ಣ ಗ್ರಂಥಾಲಯದ ಗೋಡೆಯಲ್ಲಿ ಸಿಮೆಂಟಿನ ಜಾಳಿಗೆ ಇತ್ತು. ಅದರ ಒಂದೊಂದು ತೂತಿನಲ್ಲೂ ಕೈ ಹಾಕಿ ನೋಡಿದ. ಕಾವಲಿನವನು ಬಂದು ನಿಂತಾಗ ಮಲಕಾಜಪ್ಪ ಅವನಿಗೆ ಕೈ ಮುಗಿದು, ಜೇಬಿನಿಂದ ಟೇಪು ತೆಗೆದು, ಅದರ ತುದಿಯನ್ನು ಅವನ ಕೈಗೇ ಕೊಟ್ಟು ಹಿಡಿದುಕೊಳ್ಳಲು ಸನ್ನೆ ಮಾಡಿದ. ಅವನೂ ಹಿಡಿದುಕೊಂಡ. ನನಗೆ ನಾಚಿಕೆಯಾಗಿ ಗಿಡದ ಹಿಂದೆ ಹೋಗಿ ನಿಂತೆ.

ಮೂರನೇ ದಿನ ಮಧ್ಯಾಹ್ನ ಸಿಕ್ಕಿದ್ದು ಒಂದು ಸಂತೆಕಟ್ಟೆ. ಮೂವತ್ತು ವರ್ಷದ ಹಿಂದೆ ಕಟ್ಟಿದ್ದಿರಬೇಕು. ತರಕಾರಿ, ಹಣ್ಣು, ಅರ್ಧದಿಂದ ಮುಂದೆ ಮೀನು. ನಾನು ಮೂಗಿಗೆ ಟವೆಲ್ ಹಿಡಿದು ಹೊರಗೇ ನಿಂತೆ. ಒಳಗೆ ಹೋದ ಮಲಕಾಜಪ್ಪ ಎಷ್ಟು ಹೊತ್ತಾದರೂ ಬರಲಿಲ್ಲ. ಸಿಟ್ಟಿನಿಂದ ಒಳಗೆ ಹೋದೆ. ಮೀನಿನ ಅಂಗಡಿಗಳ ನಡುವೆ ಅವನು ತಲೆ ಮೇಲೆತ್ತಿ ನಿಂತಿದ್ದ. ಮೇಲೆ ಅಗಲವಾದ ಸ್ಲ್ಯಾಬು. ಅದರಲ್ಲಿ ಸಾಲಾಗಿ ಕಿಂಡಿಗಳು. ಒಂದೊಂದು ಕಿಂಡಿಯಿಂದಲೂ ಬೆಳಕು ನೆಲದವರೆಗೆ ಇಳಿದಿತ್ತು. ಹಗಲು ಒಂದು ದೀಪವೂ ಉರಿಯುತ್ತಿರಲಿಲ್ಲ.

"ಸ್ಲ್ಯಾಬಿನ್ಯಾಗ ಬೆಳಕಿಂಡಿ ರೀ," ಅಂದ.

ಪಕ್ಕದ ವಸತಿ ಕಟ್ಟಡದ ಮೂರನೇ ಮಜಲಿನಿಂದ ಸಂತೆಕಟ್ಟೆಯ ನೆತ್ತಿ ಕಾಣುತ್ತದೆಂದು ಕಸ ಗುಡಿಸುವವನೊಬ್ಬ ಸನ್ನೆಯಿಂದ ತೋರಿಸಿದ. ಹತ್ತಿದೆವು. ಪ್ರತಿ ಕಿಂಡಿಗೂ ಸುತ್ತ ಗೇಣೆತ್ತರದ ಕಟ್ಟೆ ಇತ್ತು. ಕಟ್ಟೆಯ ಮೇಲೆ ನಾಲ್ಕು ಗಿಡ್ಡ ಕಾಲು, ಕಾಲುಗಳ ಮೇಲೆ ಕಟ್ಟೆಗಿಂತ ಅಗಲವಾದ ಗಾಜಿನ ಮುಚ್ಚಳ. ಸ್ಲ್ಯಾಬು ಕಿಂಡಿಯಿಂದ ಆಚೆಗೆ ಇಳಿಜಾರಾಗಿತ್ತು. ಅವನು ಹೋಟೆಲಿನ ಸಾಬೂನಿನ ರಟ್ಟಿನ ಡಬ್ಬಿ ಹರಿದು ಅದರ ಮೇಲೆ ಎಲ್ಲವನ್ನೂ ಬರೆದುಕೊಂಡ.

ಅಷ್ಟರಲ್ಲಿ ಮಳೆ ಬಂತು. ಅಲ್ಲಿನ ಮಳೆ ನಮ್ಮ ಮುಂಗಾರಿನಂತೆ ಹೇಳಿ ಕೇಳಿ ಬರುವುದಲ್ಲ, ಒಮ್ಮೆಲೇ ಸುರಿಯುತ್ತದೆ. ಮಲಕಾಜಪ್ಪ ಮೆಟ್ಟಿಲಿಳಿದು ಓಡಿದ. ನಾನು ಹಿಂದೆ ಓಡಿದೆ. ಅವನು ಸಂತೆಕಟ್ಟೆಯೊಳಗೆ ಒಂದು ಕಿಂಡಿಯ ನೇರ ಕೆಳಗೆ ನಿಂತು, ಮುಖ ಮೇಲೆ ಮಾಡಿ, ಹನಿ ಬೀಳುತ್ತದೇನೋ ಎಂದು ಕಾದ. ಹತ್ತು ನಿಮಿಷ ನಿಂತ, ಇಪ್ಪತ್ತು ನಿಮಿಷ ನಿಂತ. ಮೀನು ಮಾರುವ ಹೆಂಗಸರು ನಗತೊಡಗಿದರು. ಅತ್ತ ನಮ್ಮ ಬಸ್ಸು ಹೊರಟುಹೋಗುವ ಹೊತ್ತಾಯಿತು.

"ನಡಿಯೋ. ಬಸ್ ತಪ್ಪತೈತಿ. ಯಾರ ಸಲುವಾಗಿ ಇಷ್ಟು ಕುಣಿಯಾಕ ಹತ್ತಿ?" ಎಂದು ರೇಗಿದೆ.

ಅವನು ಮುಖ ಕೆಳಗೆ ಮಾಡಲಿಲ್ಲ. "ಅವ್ವಾರ ಸಲುವಾಗ್ರಿ. ಐದ ವರ್ಷ ಆತು, ಅವರ ಎದುರು ತಲಿ ಎತ್ತಿ ನಿಂತಿಲ್ಲ."

ನನ್ನನ್ನು ದೂರಲಿಲ್ಲ. ನಿಮ್ಮಿಂದ ಎಂದು ಅನ್ನಲಿಲ್ಲ. ನನಗೆ ಆ ಮೀನಿನ ವಾಸನೆಯೂ ಮರೆತುಹೋಯಿತು. ಬಸ್ಸು ತಪ್ಪಿತು. ಮಳೆ ನಿಲ್ಲುವವರೆಗೂ ಅವನ ಪಕ್ಕದಲ್ಲೇ ನಿಂತು ನಾನೂ ಮೇಲೆ ನೋಡಿದೆ. ಒಂದು ಹನಿಯೂ ಬೀಳಲಿಲ್ಲ.

ಊರಿಗೆ ಬಂದ ಮೇಲೆ ಮುಂದಿನ ಬೇಸಿಗೆಯವರೆಗೆ ಅವನು ಒಂದೇ ಚಿಂತೆಯಲ್ಲಿದ್ದ. ಸಿಂಗಾಪುರದವರು ಕಟ್ಟೆಯನ್ನೂ ಸ್ಲ್ಯಾಬನ್ನೂ ಒಂದೇ ದಿನ ಹಾಕಿದ್ದರು. ನಮ್ಮದು ಹಳೆಯ ಸ್ಲ್ಯಾಬು. ಒಡೆದು ಹೊಸದನ್ನು ಕೂಡಿಸಿದರೆ ಕೂಡಿದ ಜಾಗದಲ್ಲಿ ನೀರು ಜಿನುಗುತ್ತದೆ. ಕಡೆಗೊಂದು ದಾರಿ ಕಂಡುಕೊಂಡ. ಕಿಂಡಿ ಒಡೆಯುವಾಗ ಹಳೆಯ ಸಲಾಕೆ ಕತ್ತರಿಸದೆ, ಅವನ್ನೇ ಮೇಲಕ್ಕೆ ಬಗ್ಗಿಸಿ ಕಟ್ಟೆಯೊಳಗೆ ಹಾಕುವುದು. ಮೊದಲು ತನ್ನದೇ ಮನೆಯ ಹಿಂಭಾಗದ ಸ್ಲ್ಯಾಬು ಒಡೆದು ನೋಡಿದ. ಇಂದ್ರವ್ವ ಎರಡು ದಿನ ಮಾತು ಬಿಟ್ಟಳು. ಅದು ಸೋರಲಿಲ್ಲ.

ಎರಡು ಸಾವಿರದ ಇಸವಿಯ ಮೇ ತಿಂಗಳಲ್ಲಿ ನಮ್ಮ ಅಡುಗೆಮನೆಯ ನೆತ್ತಿ ಒಡೆದ. ಬೇರೆ ಯಾರ ಕೈಗೂ ಚಾಣ, ಸುತ್ತಿಗೆ ಕೊಡಲಿಲ್ಲ. ತಾನೇ ಹಾಕಿದ ಸ್ಲ್ಯಾಬನ್ನು ತಾನೇ ಇಷ್ಟಿಷ್ಟೇ ಕೆತ್ತಿ ತೆಗೆದ. ಕಟ್ಟೆ ಹಾಕಿ, ಅದು ಗಟ್ಟಿಯಾದ ಮೇಲೆ ಗಾಜಿನ ಮುಚ್ಚಳ ಕೂರಿಸಿ, ಸೋರುತ್ತದೇನೋ ನೋಡಲು ಮಣ್ಣಿನ ಏರಿ ಕಟ್ಟಿ, ಕಿಂಡಿಯ ಸುತ್ತ ಏಳು ದಿನ ನೀರು ನಿಲ್ಲಿಸಿದ. ಏಳನೇ ದಿನ ಮಧ್ಯಾಹ್ನ, ಮೇಲೆ ಇನ್ನೂ ನೀರು ತುಂಬಿರುವಾಗಲೇ, ಆರು ವರ್ಷದಲ್ಲಿ ಮೊದಲ ಸಲ ನಮ್ಮ ಅಡುಗೆಮನೆಗೆ ಬಂದು ಕಿಂಡಿಯ ಕೆಳಗೆ ಕುಳಿತ.

"ಅವ್ವಾರ, ಇಲ್ಲೇ ಒಂದ ರೊಟ್ಟಿ ಕೊಡ್ರಿ. ಗಂಗಾಳದಾಗ ಒಂದ ಹನಿ ಬಿದ್ರ ಮತ್ತ ಮುಚ್ಚಿ ಹೋಗತೇನಿ."

ತಾಯಿ ಕಿಂಡಿಯ ಕಡೆ ನೋಡಿದಳು, ತನ್ನ ಕೈಗಳನ್ನು ನೋಡಿದಳು. ಬುಟ್ಟಿಯಿಂದ ರೊಟ್ಟಿ ತೆಗೆದು, ಬದನೆಕಾಯಿ ಪಲ್ಲೆ ಹಾಕಿ, ಬೆಣ್ಣೆ ಇಟ್ಟು ಕೊಟ್ಟಳು. ಅವನು ನಿಧಾನಕ್ಕೆ ಉಂಡ. ಗಂಗಾಳದಲ್ಲಿ ಹನಿ ಬೀಳಲಿಲ್ಲ.

"ಇಷ್ಟ ಬರತಿದ್ರ ಅವತ್ತ ಯಾಕ ಬಿಡಲಿಲ್ಲಪಾ?" ಎಂದು ತಾಯಿ ಕೇಳಿದಳು.

"ಅವತ್ತ ತಿಳೀಲಿಲ್ರೀ ಅವ್ವಾರ," ಎಂದು ಅವನು ಮತ್ತೆ ಅದನ್ನೇ ಅಂದ.

ನನಗೆ ಇನ್ನು ತಡೆಯಲಾಗಲಿಲ್ಲ. "ಅವಂದಲ್ಲಬೇ ತಪ್ಪು. ಅಂವ ಚೌಕಟ್ಟ ಇಟ್ಟಿದ್ದ. ನಾನ ಕೀಳಸಿದೆ," ಅಂದೆ. ಹೇಳುವಾಗ ನನ್ನ ಕಣ್ಣಲ್ಲಿ ನೀರು ಬಂತು.

ತಾಯಿ ನನ್ನ ಕಡೆ ತಿರುಗಲೂ ಇಲ್ಲ. ಇನ್ನೊಂದು ರೊಟ್ಟಿ ಅವನ ಗಂಗಾಳಕ್ಕೆ ಹಾಕಿದಳು.

"ಗೊತ್ತೈತಿ. ಮ್ಯಾಲ ನಿಂತು ನೀ ಒದರಿದ್ದು ಓಣಿಗೆಲ್ಲಾ ಕೇಳಿತ್ತು."

"ಮತ್ತ ಇಷ್ಟು ವರ್ಷ ಅವಂಗ್ಯಾಕ ಬೈದಿ?"

"ನಿಂಗ ಬೈದಿದ್ರ ನೀ ಮತ್ತೊಂದ ಟ್ಯೂಬಲೈಟ್ ತರತಿದ್ದಿ. ಇವಂಗ ಬೈದೆ, ಕಿಂಡಿ ಬಂತು." ಆಮೇಲೆ ಅವನ ಎದುರು ಕುಳಿತು, ದನಿ ಇಳಿಸಿ ಅಂದಳು: "ನಿನ್ನ ಭಾಳ ನೋಯಿಸಿದೆನಪಾ. ನೀ ಅಷ್ಟು ಮನಸಿಗಿ ಹಚಗೊಳ್ಳಾವ ಅಂತ ಗೊತ್ತಿದ್ದಕ್ಕ ಬೈದೆ. ತಪ್ಪು ತಿಳೀಬ್ಯಾಡ."

ಮಲಕಾಜಪ್ಪ ಉಣ್ಣುವುದನ್ನು ನಿಲ್ಲಿಸಿ ತಲೆ ಎತ್ತಿದ. ನನ್ನ ತಾಯಿಯ ಮುಖವನ್ನು ಆ ಬೆಳಕಿನಲ್ಲಿ ಬಹಳ ಹೊತ್ತು ನೋಡಿದ.