ಮರ ಒತ್ತಿದ ಗಂಟು

ಬೆಟಗೇರಿಯ ನಮ್ಮ ಮನೆಯಲ್ಲಿ ಅತ್ತೆ ಚಹಾ ಮರೆತರೂ ಗುಳಿಗೆ ಮರೆಯುತ್ತಿರಲಿಲ್ಲ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ ಕಾಲಾಡಿಸಿ ಆಡಿಸಿ ಅವರ ಮೊಣಕಾಲು ಬಾತಿದ್ದವು. ಔಷಧದಂಗಡಿಯಲ್ಲಿ ಬಾವಿನ ಗುಳಿಗೆ ಕೇಳಿ ತರುವುದು, ರೊಟ್ಟಿ ತಿಂದ ಮೇಲೆ ಒಂದು ನುಂಗುವುದು. ನಾನು ರೇಗಿದರೆ, "ಕಾಲು ನಂದೋ ನಿಂದೋ? ಸುಮ್ಮ ಕುಂಡ್ರು," ಎನ್ನುತ್ತಿದ್ದರು. ಮಾತಿನಲ್ಲಿ ಅವರನ್ನು ಗೆದ್ದವರಿಲ್ಲ.

ಅವರ ಎಡ ಎದೆಯಲ್ಲೊಂದು ಗಂಟು ಎದ್ದಿತ್ತು. ನಮ್ಮ ಓಣಿಯ ನೇಕಾರ ಮುದುಕಿಯರು ಅದಕ್ಕೆಲ್ಲ ಹೆದರುವುದಿಲ್ಲ. ಕಡಿದ ಎಳೆ ಕೂಡಿಸಲು ಬಾಗಿದಾಗಲೆಲ್ಲ, ನೇಯ್ದ ಸೀರೆ ಸುತ್ತಿಕೊಳ್ಳುವ ಅಡ್ಡಮರ ಎದೆಗೆ ಒತ್ತುತ್ತದೆ. ಹಾಗಾಗಿ ಎದೆಯಲ್ಲಿ ಏನೇ ಗಟ್ಟಿಯಾದರೂ 'ಮರ ಒತ್ತಿದ ಗಂಟು' ಎಂದುಬಿಡುತ್ತಾರೆ. ಮರಕ್ಕೆ ಹಳೇ ಕೌದಿಯ ತುಂಡು ಸುತ್ತಿ ಮತ್ತೆ ನೇಯಲು ಕೂರುತ್ತಾರೆ. ಅತ್ತೆಯೂ ಸುತ್ತಿದರು. ಮೊಣಕಾಲಿನ ಗುಳಿಗೆಯಿಂದ ಎದೆಯ ನೋವೂ ಇಳಿಯಿತು. ವಾಸಿಯಾಯಿತೆಂದೇ ತಿಳಿದರು, ನಮಗೆ ಹೇಳಲೂ ಇಲ್ಲ.

ಮೊಣಕಾಲು ನೋವಿಗೆ ಅವರಿಗೆ ಏಳಲಾಗದ ಒಂದು ದಿನ ನಾನೇ ನೀರೆರೆಯಲು ಹೋದಾಗ ಗಂಟು ಕಣ್ಣಿಗೆ ಬಿತ್ತು. ಅದರ ಮೇಲಿನ ಚರ್ಮ ಒಳಗೆ ಎಳೆದುಕೊಂಡಿತ್ತು. "ದವಾಖಾನಿಗೆ ನಡೀರಿ," ಎಂದೆ. "ಈ ಸೀರಿ ಮುಗೀಲಿ, ಆಮ್ಯಾಲೆ ಹೋಗೂಣಂತ," ಎಂದರು. ನಾನು ಕೇಳಲಿಲ್ಲ, ಅವತ್ತೇ ಆಟೋದಲ್ಲಿ ಗದಗಿನ ದವಾಖಾನೆಗೆ ಕರೆದೊಯ್ದೆ. ಪರೀಕ್ಷೆಗಳಾದ ಮೇಲೆ ಡಾಕ್ಟರಮ್ಮ ಹೇಳಿದರು: "ಗುಳಿಗಿ ನೋವು ಕಡಿಮಿ ಮಾಡೇತ್ರಿ, ಗಂಟು ಕರಗಿಸಿಲ್ಲ. ಇದು ಕ್ಯಾನ್ಸರ್. ಭಾಳ ತಡಾ ಆಗೇತಿ."

ಅತ್ತೆ ಆ ಮಳೆಗಾಲ ದಾಟಲಿಲ್ಲ. ಬೈಯುವವರಿಲ್ಲದ ಮನೆ ಇಷ್ಟು ಬೇಸರದ್ದೆಂದು ನನಗೆ ಗೊತ್ತಿರಲಿಲ್ಲ.

ಅತ್ತೆಯ ತಿಥಿ ಮುಗಿದ ಮೇಲೆ ಪಕ್ಕದ ಮನೆಯ ದೊಡ್ಡವ್ವ ಬಂದರು. ಅವರೂ ನೇಯುವವರೇ, ಅತ್ತೆಯ ಗೆಳತಿ. ಅತ್ತು, ಮೂಗೊರೆಸಿಕೊಂಡು, ಎದೆ ಮುಟ್ಟಿ ತೋರಿಸುತ್ತ ಸಣ್ಣ ದನಿಯಲ್ಲಿ ಕೇಳಿದರು: "ನಿಮ್ಮತ್ತಿ ಗುಳಿಗಿ ಉಳದಾವೇನ ಯವ್ವಾ? ಇಲ್ಲಿ ಗಂಟಾಗೇತಿ. ನಂದು ಆ ಬ್ಯಾನಿ ಅಲ್ಲ ಮತ್ತ, ಮರ ಒತ್ತೇತಿ ಅಷ್ಟ."

ನಾನು ತಟ್ಟನೆ ಎದ್ದೆ. "ಏಳ್ರಿ, ದವಾಖಾನಿಗೆ ಹೋಗೂಣು," ಎಂದೆ.

"ಈಗ ಬ್ಯಾಡ. ಸೀರಿ ಅರ್ಧಾ ಆಗೇತಿ, ಮುಗೀಲಿ."

ಅಳು, ಸಿಟ್ಟು ಒಟ್ಟಿಗೇ ಬಂದವು. ಅತ್ತೆಯ ಮಗ್ಗದತ್ತ ಕೈ ಮಾಡಿ ಕೂಗಿದೆ: "ಅಲ್ಲಿ ನೋಡ್ರಿ! ಅರ್ಧಾ ಸೀರಿ ಹಂಗ ಐತಿ. ನಮ್ಮತ್ತಿ ಎಲ್ಲದಾರ?"

ದೊಡ್ಡವ್ವ ಮಗ್ಗವನ್ನೂ, ಮರಕ್ಕೆ ಸುತ್ತಿದ ಕೌದಿಯ ತುಂಡನ್ನೂ ನೋಡುತ್ತ ಕುಳಿತರು. ಆಮೇಲೆ, ಎಬ್ಬಿಸು ಎಂದು ನನ್ನತ್ತ ಕೈ ಚಾಚಿದರು.