ಆಲೆಮನೆ ವರದಿಗೆ ಹಾಕಿದ ಸೊನ್ನೆ

ನಿನ್ನ ವರದಿ ಕಂಪ್ಯೂಟರ್ ಬರೆದುಕೊಟ್ಟಿದ್ದಲ್ಲವೆಂದು ನನಗೆ ಗೊತ್ತಿತ್ತು, ಸವಿತಾ. ಗೊತ್ತಿದ್ದೂ ಸೊನ್ನೆ ಹಾಕಿದೆ.

ಯಾಕೆ — ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಅಷ್ಟೆ. ಇಪ್ಪತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದ ಮೇಷ್ಟರು ನಾನು. ಆಲೆಮನೆಯಲ್ಲಿ ಬೆಲ್ಲದ ಪಾಕವನ್ನು ಗಡಿಯಾರ ನೋಡಿ ಇಳಿಸುತ್ತಾರೆ ಎಂದು ಒಂದು ದಿನ ತರಗತಿಯಲ್ಲಿ ಏನೋ ಒದರಿದ್ದೆ. “ಅಂಗಲ್ಲ ಸಾರ್, ತಣ್ಣೀರಿಗೆ ಬುಟ್ಟು ಕೈಯಲ್ಲಿ ಉಂಡೆ ಕಟ್ಟಿ ನೋಡ್ತಾರೆ,” ಅಂದುಬಿಟ್ಟೆ ನೀನು. ಎಲ್ಲರೂ ನಕ್ಕರು. ಆ ನಗುವನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನೀನು ನಿಮ್ಮ ಕ್ಯಾತನಹಳ್ಳಿಯ ಆಲೆಮನೆಗಳ ಬಗ್ಗೆಯೇ ಬರೆದು ತಂದೆ. ಹುಡುಕಿದರೂ ಒಂದು ತಪ್ಪಿಲ್ಲ. ಒಲೆಗೆ ಕಬ್ಬಿನ ಸಿಪ್ಪೆ ನೂಕುವ ನಿಮ್ಮಪ್ಪನ ಕೈಯ ಸುಟ್ಟ ಕಲೆಗಳೂ ಅದರಲ್ಲಿದ್ದವು — ಅವನ್ನು ಯಾವ ಯಂತ್ರ ನೋಡಿತ್ತು? ಆದರೂ ಕಳ್ಳಬರಹ ಹಿಡಿಯುವ ತಂತ್ರಾಂಶಕ್ಕೆ ಹಾಕಿದೆ. ಯಂತ್ರ ಬರೆದದ್ದೆಂಬ ಅನುಮಾನವಿದೆ ಎಂದು ತೋರಿಸಿತು. ಅದಕ್ಕೆ ಕನ್ನಡ ನೆಟ್ಟಗೆ ಬರುವುದಿಲ್ಲವೆಂದೂ ಗೊತ್ತಿತ್ತು. ನನಗೆ ಬೇಕಾಗಿದ್ದದ್ದು ಒಂದು ನೆಪ.

ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ವರದಿಯನ್ನು ಮೇಜಿನ ಮೇಲೆ ಬಿಸಾಡಿ, “ಇದು ನಿನ್ನ ಭಾಷೆ ಅಲ್ಲ” ಎಂದೆ.

“ನೀವೇ ಕಲಿಸಿದ್ದು ಸಾರ್.”

ಹೌದು. ಹಳ್ಳಿ ಮಾತು ಬರೆದಾಗಲೆಲ್ಲ ಕೆಂಪು ಶಾಯಿಯಲ್ಲಿ ಗೀಚಿ, ಮೂರು ವರ್ಷ ಬೈದು ತಿದ್ದಿದವನು ನಾನೇ. ನೀನು ಕಲಿತೆ. ಕಲಿತದ್ದನ್ನೇ ನಾನು ಕಳ್ಳತನ ಅಂದೆ. ಇನ್ನೂ ಒಂದಿದೆ, ಹೇಳಲು ನಾಚಿಕೆ — ಉಳಿದವರ ವರದಿಗಳನ್ನು ನಾನು ಓದಲೇ ಇಲ್ಲ. ಕೃತಕ ಬುದ್ಧಿಮತ್ತೆಯ ಕೈಗೆ ಕೊಟ್ಟು ಅಂಕ ಹಾಕಿಸಿದೆ. ಆ ವರ್ಷ ನಾನು ಓದಿದ್ದು ನಿನ್ನದೊಂದನ್ನೇ, ಅದೂ ಹಗೆಯಿಂದ.

ಆ ಸೊನ್ನೆಯಿಂದ ನೀನು ಫೇಲಾದೆ, ಮೈಸೂರಿನಲ್ಲಿ ಸಿಕ್ಕಿದ್ದ ಎಂ.ಎ. ಸೀಟು ನಿನ್ನ ಕೈತಪ್ಪಿತು. ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ನಿನ್ನನ್ನು ಕಂಡರೆ ಪೇಪರು ಅಡ್ಡ ಹಿಡಿಯುತ್ತಿದ್ದೆ.

ಮರುವರ್ಷ ನೀನು ಮತ್ತೆ ವರದಿ ತಂದುಕೊಟ್ಟೆ. ಈ ಸಲ ವಾಕ್ಯಗಳನ್ನು ನೀನೇ ಮುರಿದಿದ್ದೆ, ಬೇಕಂತಲೇ ಪುಟಪುಟಕ್ಕೂ ತಪ್ಪು ತುಂಬಿದ್ದೆ. ಯಾರೂ ಅನುಮಾನ ಪಡುವಂತಿರಲಿಲ್ಲ. ನಾನು ಏನೂ ಕೇಳದೆ ಪಾಸು ಮಾಡಿದೆ.

ಈ ಪತ್ರದ ಒಂದು ಪ್ರತಿಯನ್ನು ನಾಳೆ ಪ್ರಾಂಶುಪಾಲರ ಕೈಗೆ ಕೊಡುತ್ತೇನೆ. ಅದರಿಂದ ನಿನಗೆ ಏನೂ ವಾಪಸು ಬರುವುದಿಲ್ಲ. ಚೆನ್ನಾಗಿ ಬರೆಯುತ್ತಿದ್ದವಳಿಗೆ ಕೆಟ್ಟದಾಗಿ ಬರೆಯುವುದನ್ನು ಕಲಿಸಿದವನೂ ನಾನೇ.